ಬಲಗೋಡು ಮುರಿದ ಆಕಳು

ಮೊಮ್ಮಗಳು ಹುಟ್ಟಿ ಹನ್ನೊಂದು ದಿನವಾಯಿತು. ಮನೆ ತುಂಬ ಮಂದಿ. ಗಲ್ಲ ಅವರ ಕಡೆಯದು, ಕಿವಿ ನಮ್ಮ ಕಡೆಯದು, ಹುಬ್ಬು ಮಾತ್ರ ಯಾರದೋ ಗೊತ್ತಾಗವಲ್ಲದು ಎಂದು ಬೀಗರೂ ನಾವೂ ಬೆಳಗ್ಗಿನಿಂದ ಜಗಳಕ್ಕೆ ಬಿದ್ದಿದ್ದೇವೆ. ನನಗಂತೂ ಹಿಗ್ಗು ತಡೆಯಲಾಗುತ್ತಿಲ್ಲ. ತೊಟ್ಟಿಲ ಹತ್ತಿರ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. ಕಲಿತದ್ದು ಎರಡನೆಯ ತರಗತಿ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಆದರೂ ಇವತ್ತು ಬರೆಯದೆ ಇರಲಾರೆ. ಒಂದು ಜೀವದ ಗುರುತು ಹೇಳಲು ನಮ್ಮವ್ವ ಒಂದು ದಿನ ಎಷ್ಟು ಹೆಣಗಿದಳು ಎನ್ನುವುದು ಈ ಗದ್ದಲದಲ್ಲಿ ನೆನಪಾಯಿತು. ಇಷ್ಟು ವರ್ಷದ ಮೇಲೂ ಸಿಟ್ಟು ನೆತ್ತಿಗೇರಿತು, ನೋಡಿ.

ನಿಜಾಮರ ರಾಜ್ಯ ಹೋಗಿ ನಾಲ್ಕೈದು ವರ್ಷವಾಗಿತ್ತು. ನನಗೆ ಒಂಬತ್ತೋ ಹತ್ತೋ. ನಮ್ಮದು ಮಸ್ಕಿ ಹತ್ತಿರದ ಹಳ್ಳಿ. ಅಪ್ಪ ಸಿಂಧನೂರು ಕಡೆ ಕಾಲುವೆ ತೋಡುವ ಕೆಲಸಕ್ಕೆ ಹೋಗಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಮನೆಯಲ್ಲಿ ಅವ್ವ, ನಾನು, ಒಂದು ಆಕಳು, ಅದರ ಎಳೆಗರು. ಆ ಆಕಳು ಒಂದು ದಿನ ಹಗ್ಗ ಹರಿದುಕೊಂಡು ಹೋಯಿತು. ಎರಡು ದಿನ ಹುಡುಕಿದೆವು. ಕರುವಿಗೆ ಯಾರದೋ ಮನೆಯ ಆಡಿನ ಹಾಲು ಬಟ್ಟೆಯಲ್ಲಿ ಅದ್ದಿ ಕುಡಿಸಿದರೆ ಅದು ಬಟ್ಟೆಯನ್ನೇ ಜಗ್ಗುತ್ತಿತ್ತು.

ಮೂರನೆಯ ದಿನ, ಲಿಂಗಸುಗೂರಿನ ಸಂತೆಗೆ ಹೋಗಿ ಬಂದ ನೆರೆಮನೆಯಾಕೆ ಸುದ್ದಿ ತಂದಳು. ದಾರಿಯ ಒಂದು ಊರಿನಲ್ಲಿ ಡಂಗುರ ಹೊಡೆಯುತ್ತಿದ್ದರಂತೆ: ಪೈರು ಮೇಯ್ದ ಆಕಳೊಂದನ್ನು ಕೊಂಡವಾಡದಲ್ಲಿ ಕೂಡಿಹಾಕಿದೆ, ಭೂರಾ ಎಂದರೆ ಕಂದು ಬಣ್ಣ, ಎಡಗೋಡು ಮುರಿದದ್ದು, ಹಣೆಯಲ್ಲಿ ಬಿಳಿ ಬೊಟ್ಟು, ವಾರಸುದಾರರು ನಾಳೆಯೊಳಗೆ ಬಾರದಿದ್ದರೆ ನಾಡಿದ್ದು ಬೆಳಗ್ಗೆ ಹರಾಜು.

“ಎಡಗೋಡಂತ? ನಮ್ಮದು ಬಲಗೋಡು ಮುರದೈತಿ” ಅಂದಳು ಅವ್ವ.

“ಹೋಗಿ ನೋಡಬೇ, ನೋಡಿದ್ರ ಕಣ್ಣು ಸವೀತಾವೇನು?”

ಮರುದಿನ ನಸುಕಿನಲ್ಲೇ ಹೊರಟೆವು. ಮೂರು ಹರದಾರಿ ದಾರಿ. ಶಾಲೆಗೆ ಹೋದವಳು ಜೊತೆಗಿರಲಿ, ಕಾಗದ ಗೀಗದ ಇದ್ದರೆ ಓದುತ್ತೀ ಎಂದು ನನ್ನನ್ನೂ ಕರೆದುಕೊಂಡಳು. ಕೊಂಡವಾಡವೆಂದರೆ ಒಂದು ಕಲ್ಲುಗೋಡೆ, ಅದರೊಳಗೆ ಪುಂಡ ದನಗಳು. ಗೋಡೆಯ ಮೇಲಿಂದ ಇಣುಕಿದರೆ ನಮ್ಮ ಆಕಳೇ! ಅವ್ವನ ದನಿ ಕೇಳಿ ಅಂಬಾ ಎಂದಿತು.

ಬಾಗಿಲಲ್ಲಿ ಕಾರಕೂನ ದೊಡ್ಡ ಪುಸ್ತಕ ತೆರೆದು ಕುಳಿತಿದ್ದ. ಆತನ ಪಕ್ಕದಲ್ಲಿ ಕೆಂಪು ರುಮಾಲಿನವನೊಬ್ಬ ಆಗಲೇ ನಿಂತಿದ್ದ. ಅವನೂ ಅದೇ ಆಕಳು ತನ್ನದೆನ್ನುತ್ತಿದ್ದ.

“ಹುಲಿಯಾ ಹೇಳಬೇ” ಅಂದ ಕಾರಕೂನ, ಅವ್ವನಿಗೆ.

“ಏನ್ರೀ ಅದು?”

“ಗುರುತು, ಗುರುತು. ಬಣ್ಣ ಎಂಥದು?”

“ಮಸಾರಿ ಹೊಲದಾಗ ಒಂದು ಮಳಿ ಬಿದ್ದು ಆರಿದ ಮ್ಯಾಲ ಮಣ್ಣು ಇರತೈತಲ್ರೀ, ಅಂಥಾದ್ದು.”

“ನಾ ಹೊಲ ಕೇಳಿಲ್ಲ, ಆಕಳ ಕೇಳೀನಿ.”

“ಕೆಂದ ಅನ್ರಿ. ಆದ್ರ ಪೂರಾ ಕೆಂದ ಅಲ್ರೀ, ಹೊಟ್ಟಿ ತೆಳಗ ಜ್ವಾಳದ ಹಿಟ್ಟಿನಂಗ ಐತಿ.”

“ಬುಕ್ಕಿನಾಗ ಭೂರಾ ಐತಿ. ಮುಂದ ಹೇಳು.”

ಅವ್ವ ಹೇಳಿದಳು. ಹಾಲು ಕರೆಯುವ ಮೊದಲು ಕೈ ಮೂಸುತ್ತದೆ. ಜೋಳದ ಸೊಪ್ಪೆ ಹಾಕಿದರೆ ಎಲೆ ತಿಂದು ದಂಟು ಬಿಡುತ್ತದೆ. ಅಪರಿಚಿತರು ಬಂದರೆ ಒಂದು ಕಿವಿ ಮುಂದಕ್ಕೆ, ಒಂದು ಕಿವಿ ಹಿಂದಕ್ಕೆ ಮಾಡುತ್ತದೆ. ಎಷ್ಟು ಹೇಳಿದಳು ನಮ್ಮವ್ವ! ಹೆತ್ತ ಮಗಳ ಬಗ್ಗೆ ಅಷ್ಟು ಹೇಳುತ್ತಿದ್ದಳೋ ಇಲ್ಲವೋ. ಕಾರಕೂನನ ಲೆಕ್ಕಣಿಕೆ ಮಾತ್ರ ಅಲುಗಲಿಲ್ಲ.

“ಇವಕ್ಕೆಲ್ಲ ಬುಕ್ಕಿನಾಗ ಖಾನೆ ಇಲ್ಲಬೇ. ಬಣ್ಣ, ಕೋಡು, ಬೊಟ್ಟು. ಇಷ್ಟ ಹೇಳು.”

“ಹಣಿಮ್ಯಾಲ ಬಿಳಿ ಬೊಟ್ಟು ಐತ್ರಿ. ಬಲಗೋಡು ಮುರದೈತ್ರಿ. ಬಂಡಿ ಗಾಲಿಗೆ ಸಿಗಿಸಿ ಮುರಕೊಂಡೈತಿ.”

“ಎಡ ಐತಿ ಬುಕ್ಕಿನಾಗ.”

ರುಮಾಲಿನವನು ನಕ್ಕ. “ಯಕ್ಕಾ, ಮನ್ಯಾಗಿನ ಆಕಳ ಕೋಡು ಗೊತ್ತಿಲ್ಲೇನು ನಿನಗ? ಬಿಸಲಾಗ ಬಂದೀ, ನೀರು ಕುಡದು ಬಾ ಹೋಗು.” ಆಮೇಲೆ ಕಾರಕೂನನ ಕಡೆ ತಿರುಗಿ ಹೇಳಿದ: “ಭೂರಾ ಬಣ್ಣ, ಎಡಗೋಡು ಮುರದದ್ದು, ಹಣಿಯಾಗ ಬಿಳಿ ಬೊಟ್ಟು.”

ನೆರೆಯಾಕೆ ಕೇಳಿ ಬಂದು ಹೇಳಿದ್ದ ಡಂಗುರದ ಮಾತು, ಅದೇ ಸಾಲು, ಅದೇ ಕ್ರಮ. ಶಾಲೆಯಲ್ಲಿ ನಾವು ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದ. ಒಂದೊಂದಕ್ಕೂ ಕಾರಕೂನ ತಲೆಯಾಡಿಸಿದ. ನನಗೆ ಅಳು ಬಂತು.

ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. “ಆಕಳ ಹೊರಗ ತರಸ್ರಿ ಸಾಹೇಬ್ರ. ಎಲ್ಲಿ ನಿಂತು ಎಡ ಅಂತೀರಿ ತೋರಸ್ರಿ.”

ತರಿಸಿದ. ಆಕಳ ಮುಖದೆದುರು ನಿಂತು ತನ್ನ ಎಡಗೈ ಚಾಚಿದ. “ನೋಡು. ಎಡ.”

“ಅಲ್ಲಿ ಯಾಕ ನಿಂತೀರಿ? ಹಿಂದ ಬರ್ರಿ. ನೇಗಿಲ ಹೊಡಿಯಾವ ಎಲ್ಲಿ ನಿಂದರತಾನ?”

ನಮ್ಮ ಕಡೆ ದನದ ಎಡಬಲವನ್ನು ಹಿಂದೆ ನಿಂತೇ ಹೇಳುವುದು. ನೇಗಿಲ ಹಿಂದೆ, ಬಂಡಿಯ ಮೇಲೆ, ಮೇಯಿಸಿ ಹೊಡೆದುಕೊಂಡು ಬರುವಾಗ, ಎಲ್ಲ ಹೊತ್ತೂ ಮನುಷ್ಯ ಇರುವುದು ದನದ ಹಿಂದೆಯೇ. ಎದುರಿಗೆ ನಿಂತು ಎಡಬಲ ನೋಡುವವನು ಪುಸ್ತಕದಲ್ಲಿ ಬರೆಯುವವನೊಬ್ಬನೇ. ಕಾರಕೂನ ಹಿಂದೆ ಹೋಗಿ ನಿಂತ. ಕೋಡು ನೋಡಿದ, ತನ್ನ ಕೈ ನೋಡಿಕೊಂಡ.

“ದನ ಕಟ್ಟಿದಾವ ಯಾವನರ ಇದನ್ನ ಎಡ ಅಂತಾನೇನಲೇ?” ಅವ್ವ ರುಮಾಲಿನವನ ಮೇಲೆ ಏರಿಹೋದಳು. “ಡಂಗುರ ಕೇಳಿ ಬಂದೀಯಲ್ಲ, ಡಂಗುರದಾಂವನ್ನ ಕರಕೊಂಡು ಹೋಗು, ಹಾಲು ಕೊಡ್ತಾನ!”

ನಿಂತ ಮಂದಿ ಹೋ ಎಂದು ನಕ್ಕರು. ಅವನು ರುಮಾಲು ಸರಿಮಾಡಿಕೊಳ್ಳುತ್ತ, “ನಂದೂ ಇಂಥದ ಇತ್ತಬೇ, ಗುರ್ತು ತಪ್ಪಿತು” ಎನ್ನುತ್ತ ಕಾಲು ಕಿತ್ತ. ನಾನು ಕುಣಿದೆ. ಗೆದ್ದೆವೆಂದು ತಿಳಿದಿದ್ದೆ.

ಕಾರಕೂನ ಮತ್ತೆ ಪುಸ್ತಕದ ಮುಂದೆ ಕುಳಿತ. “ಆಕಳ ನಿಂದ ಅಂತ ಗೊತ್ತಾತು. ಈಗ ಎಡಗೋಡು ಅಂತ ಹೇಳಿ ಹೆಬ್ಬಟ್ಟು ಒತ್ತು.”

“ಬಲ ಅಲ್ರೀ? ಈಗ ನೋಡಿದ್ರಲ್ಲ!”

“ನೋಡಿದೆ. ನೀ ಹೇಳಿದ್ದು ಬುಕ್ಕಿಗೆ ಕೂಡಬೇಕು.”

“ಬುಕ್ಕ ತಿದ್ರಿ.”

“ತಿದ್ದಿದ್ರ ಆಕಳ ಅದಲಾಬದಲಿ ಮಾಡೀನಿ ಅಂತಾರ ಮ್ಯಾಲಿನವ್ರು. ನೌಕರಿ ಹೋಗತೈತಿ ನಂದು.”

ಅವ್ವ ನೆಲಕ್ಕೆ ಕುಳಿತುಬಿಟ್ಟಳು. ಹೇಳುವುದಿಲ್ಲ ಎಂದಳು. ಗೆದ್ದ ಮೇಲೆ ಸುಳ್ಳು ಯಾಕೆ ಹೇಳಬೇಕು? ಆತ ಊಟಕ್ಕೆ ಹೊತ್ತಾಯಿತೆಂದು ಆಕಳನ್ನು ಮತ್ತೆ ಒಳಗೆ ಹೊಡೆಸಿ ಬೀಗ ಕೈಗೆ ತೆಗೆದುಕೊಂಡ. ಇವತ್ತು ಮತ್ತೆ ತೆಗೆಯುವುದಿಲ್ಲ, ನಾಳೆ ಹರಾಜಿಗೇ ತೆಗೆಯುವುದು ಎಂದ. ನನ್ನ ಕಣ್ಣ ಮುಂದೆ ಬಟ್ಟೆ ಜಗ್ಗುವ ಕರು.

“ಎಡ ಅನ್ನಬೇ ಯವ್ವಾ” ಎಂದು ಅವಳ ಸೆರಗು ಹಿಡಿದು ಎಳೆದೆ. “ಕರ ಸಾಯತೈತಿ. ಅಂದುಬಿಡು. ಏನಾಗತೈತಿ ಅಂದ್ರ?”

ರುಮಾಲಿನವನನ್ನೂ ಅವಳು ಹಾಗೆ ನೋಡಿರಲಿಲ್ಲ, ಆಗ ನನ್ನನ್ನು ನೋಡಿದಂತೆ.

“ಎಡ” ಅಂದಳು.

“ಕೇಳಲಿಲ್ಲ. ಜೋರಾಗಿ ಹೇಳು.”

“ಎಡ!”

ಹೆಬ್ಬೆರಳಿನ ಮಸಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಒರೆಸಿದಳು. ಮೂರು ಹರದಾರಿ ಆಕಳ ಹಿಂದೆ ನಡೆದಳು, ನನ್ನ ಜೊತೆ ಒಂದು ಮಾತಿಲ್ಲ. ನೀರಡಿಕೆ ಎಂದರೂ ಇಲ್ಲ, ಕಾಲು ನೋಯುತ್ತದೆ ಎಂದರೂ ಇಲ್ಲ.

ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಕರು ಹಗ್ಗ ಬಿಚ್ಚುವಷ್ಟು ಹೊತ್ತೂ ತಡೆಯಲಿಲ್ಲ, ಮೊಲೆಗೆ ಬಿದ್ದಿತು. ಅವ್ವ ಹಾಲಿನ ಚರಿಗೆ ತರಲಿಲ್ಲ. ನನ್ನ ರಟ್ಟೆ ಹಿಡಿದು ಆಕಳ ಬಾಲದ ಹಿಂದೆ ನಿಲ್ಲಿಸಿದಳು.

“ಯಾವ ಕೋಡು ಮುರದೈತಿ?”

“ಬಲ.”

“ಜೋರಾಗಿ ಹೇಳು.”

“ಬಲ!”

“ಇನ್ನೂ ಜೋರು.”

ಓಣಿಗೆಲ್ಲ ಕೇಳುವಂತೆ ಕೂಗಿದೆ. ಕರು ಕುಡಿಯುತ್ತಲೇ ಇತ್ತು. ನಾನು ಎಷ್ಟು ಸಲ ಕೂಗಿದೆನೋ ತಿಳಿಯದು, ಗಂಟಲು ಕಟ್ಟಿತು. ಸಾಕು ಎಂದು ಅವ್ವ ಹೇಳಲೇ ಇಲ್ಲ.