ಪ್ರಮೀಳಳ ಸಾಬೂನಿನ ಚೂರು

ಆಗೆಲ್ಲ ಕುಂದಾಪುರದ ಕಡಲ ಬದಿಯ ನಮ್ಮೂರು ಕೋಡಿಯಲ್ಲಿ ಯಾರ ಮನೆಗೆ ಬೊಂಬಾಯಿಯಿಂದ ನೆಂಟರು ಬಂದಿದ್ದಾರೆಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಬಾವಿಕಟ್ಟೆಯ ಪಕ್ಕ ನಡೆದರೆ ಸಾಬೂನಿನ ಪರಿಮಳವೇ ಹೇಳುತ್ತಿತ್ತು. ಪಕ್ಕದ ಮನೆಯ ಪ್ರಮೀಳಳ ಅಪ್ಪ ಅಲ್ಲಿ ಕ್ಯಾಂಟೀನಿನಲ್ಲಿದ್ದರು. ರಜೆಗೆ ಬರುವಾಗ ಗುಲಾಬಿ ಬಣ್ಣದ ಸಾಬೂನು ತರುತ್ತಿದ್ದರು. ನಮ್ಮ ಮನೆಯಲ್ಲಿ ಬಟ್ಟೆಗೂ ಮೈಗೂ ಒಂದೇ ಬಾರ್ ಸೋಪು.

ನಾವಿಬ್ಬರೂ ಆರನೇ ಕ್ಲಾಸು. ಶಾಲೆಯಲ್ಲಿ ಬಿಸಿಯೂಟ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ಟೀಚರು ಹಳೇ ಬಲೆಯ ತುಂಡಿನಲ್ಲಿ ಸೋಪು ಕಟ್ಟಿ ನಲ್ಲಿಗೆ ನೇತುಹಾಕಿ, ಪ್ರಮೀಳಳನ್ನು ಆರೋಗ್ಯ ಮಂತ್ರಿ ಮಾಡಿದರು. ಅಂಗಿಗೆ ಬ್ಯಾಡ್ಜು ಚುಚ್ಚಿಕೊಂಡು ಎಲ್ಲರ ಕೈ ನೋಡಿ ಊಟಕ್ಕೆ ಬಿಡುವುದು ಅವಳ ಕೆಲಸ. ಟೀಚರು ಹೇಳಿದ್ದು ನೋಡು ಎಂದು. ಈ ಮಹಾರಾಣಿ ಮೂಸುತ್ತಿದ್ದಳು!

ನಾನೋ, ಬೆಳಿಗ್ಗೆ ಎದ್ದು ಅಮ್ಮನ ಜೊತೆ ಬುಟ್ಟಿಗಟ್ಟಲೆ ಚಟ್ಲಿ, ಅಂದರೆ ಸಿಗಡಿ, ಸುಲಿದು ಶಾಲೆಗೆ ಓಡುವವಳು. ಆ ವಾಸನೆ ಎಷ್ಟು ತೊಳೆದರೂ ಉಗುರಿನ ಸಂದಿ ಬಿಡುತ್ತಿರಲಿಲ್ಲ.

"ಹ್ವಾಯ್ ಶಾರಿ, ಮೀನ್ ವಾಸ್ನಿ! ಹೋಯಿ ಮತ್ತೊಂದ್ ಸಲ ತೊಳ್ಕಂಡ್ ಬಾ."

ಮತ್ತೆ ಸಾಲಿನ ಕೊನೆಗೆ. ಸಾರಿನಲ್ಲಿ ತರಕಾರಿ ಮುಗಿದಿರುತ್ತಿತ್ತು. ಅದಕ್ಕಲ್ಲ ನನಗೆ ಉರಿ. ಆ ಬ್ಯಾಡ್ಜಿಗೆ, ಆ ಗುಲಾಬಿ ಕೈಗೆ, ಅವಳು ಮೂಗು ಮುಚ್ಚಿಕೊಳ್ಳುವ ಚಂದಕ್ಕೆ. ಅವಳಿಗೆ ಜ್ವರ ಬರಲಿ ಎಂದು ಹರಕೆ ಕೂಡ ಹೊತ್ತಿದ್ದೆ. ದಸರಾ ರಜೆ ಮುಗಿದ ಮೇಲೆ ಮಂತ್ರಿ ಬದಲಾಗುತ್ತಾರೆಂದು ಟೀಚರು ಹೇಳಿದ್ದರು. ಆ ಬ್ಯಾಡ್ಜು ನನ್ನದಾಗಲೇಬೇಕಿತ್ತು.

ಒಂದು ಸಂಜೆ ಅವರ ಬಾವಿಕಟ್ಟೆಯಿಂದ ಸವೆದ ಚೂರೊಂದನ್ನು ಕದ್ದು ಕಂಪಾಸ್ ಪೆಟ್ಟಿಗೆಯಲ್ಲಿಟ್ಟೆ. ನೀರು ಹಾಕಿ ತೊಳೆದರೆ ಪರಿಮಳ ಹೋಗುತ್ತದಲ್ಲ! ಅಂಗೈ ಸ್ವಲ್ಪವೇ ಒದ್ದೆ ಮಾಡಿ, ಸಾಬೂನು ತಿಕ್ಕಿ, ಹಾಗೇ ಒಣಗಲು ಬಿಟ್ಟೆ. ಮಧ್ಯಾಹ್ನ ಪ್ರಮೀಳಾ ಮೂಸಿದವಳು ಕಣ್ಣರಳಿಸಿದಳು.

"ಅಬ್ಬಾ! ನಿಮ್ಮನಿಗೂ ಬೊಂಬಾಯಿ ಸಾಬೂನ್ ಬಂತಾ?"

"ನಿಮ್ಗೆ ಮಾತ್ರ ಬಪ್ದಾ?" ಎಂದು ಮೂತಿ ಸೊಟ್ಟ ಮಾಡಿ ಸಾಲಿನ ಮುಂದೆ ಹೋದೆ. ಅನ್ನಕ್ಕೆ ಸಾಬೂನಿನ ರುಚಿ ಬರುತ್ತಿತ್ತು. ನುಂಗಿದೆ.

ರಜೆ ಮುಗಿಯಿತು, ಬ್ಯಾಡ್ಜು ನನಗೇ ಬಂತು. ಪ್ರಮೀಳಳ ಮುಖ ಸಪ್ಪಗಾದದ್ದು ಕಂಡು ಹೊಟ್ಟೆ ತಣ್ಣಗಾಯಿತು. ಮಂತ್ರಿಯ ಕೈಯಿಂದ ಸದಾ ಪರಿಮಳ ಬರಬೇಕೆಂದು ಮನೆಯಲ್ಲೂ ಅದನ್ನೇ ಮಾಡಿದೆ. ಅಮ್ಮ ಮೀನು ಮಾರಲು ಹೋದಾಗ ಮೂರು ವರ್ಷದ ತಮ್ಮ ಗಣಿಯನ್ನು ನೋಡಿಕೊಳ್ಳುವುದು ನಾನೇ. ಅವನ ಕುಂಡೆ ತೊಳೆಸಿ, ಕೈಗೆ ಸಾಬೂನು ಸವರಿ, ಅದೇ ಕೈಯಲ್ಲಿ ಗಂಜಿ ಉಣಿಸುತ್ತಿದ್ದೆ.

"ಅಕ್ಕಾ, ಗಂಜಿ ಸಾಬೂನ್," ಎಂದು ಅವನು ಮುಖ ತಿರುಗಿಸಿದರೆ ಗದರುತ್ತಿದ್ದೆ.

ಒಂದು ವಾರದಲ್ಲಿ ಗಣಿಗೆ ವಾಂತಿ, ಭೇದಿ ಹಿಡಿಯಿತು. ಕಣ್ಣು ಗುಳಿಬಿದ್ದು, ಅಳಲೂ ಶಕ್ತಿ ಇಲ್ಲದೆ ಅಮ್ಮನ ಹೆಗಲಿಗೆ ಒರಗಿಬಿಟ್ಟ. ಕುಂದಾಪುರದ ಆಸ್ಪತ್ರೆಯಲ್ಲಿ ಅವನ ಪುಟ್ಟ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ನರ್ಸಮ್ಮ ಕೇಳಿದರು, "ಮಗುಗೆ ಯಾರ್ ಉಣ್ಸುದ್?"

ನಾನು ಕೈ ಚಾಚಿದೆ. ಅವರು ಬೆರಳುಗಳನ್ನು ಬಿಡಿಸಿ ಸಂದಿ ನೋಡಿದರು.

"ಪರಿಮಳ ಲಾಯ್ಕಿತ್ ಮಗಾ. ಆರೆ ಸಾಬೂನ್ ಇಪ್ಪುದ್ ಹಚ್ಕಂಬುಕಲ್ಲ, ನೊರೆ ಬರ್ಸಿ ತಿಕ್ಕಿ ತೊಳುಕೆ."

ಅಳುತ್ತಾ ಎಲ್ಲ ಹೇಳಿಬಿಟ್ಟೆ. ಅಮ್ಮ ಹೊಡೆಯುತ್ತಾಳೆಂದುಕೊಂಡಿದ್ದೆ. ಅವಳು ನನ್ನನ್ನು ನಲ್ಲಿಗೆ ಎಳೆದೊಯ್ದು ಮೊಣಕೈವರೆಗೆ ನೊರೆ ಮಾಡಿ ಉಜ್ಜಿದಳು.

"ನನ್ ಕೈಯ್ಯಿ ಮೀನ್ ವಾಸ್ನಿ ಸಾಯುತನಕ ಹೋತಿಲ್ಲ ಹೆಣೆ. ಆರೆ ನಿಮ್ಗೆ ಉಣ್ಸುವತಿಗೆ ಒಂದ್ ದಿನವೂ ತೊಳಿಯದೆ ಉಣ್ಸ್ಲಿಲ್ಲ."

ಮೂರನೇ ದಿನ ಗಣಿ ಗಂಜಿ ಕೇಳಿದ. ಮರುದಿನ ಬ್ಯಾಡ್ಜು ಬಿಚ್ಚಿ ಪ್ರಮೀಳಳ ಅಂಗಿಗೆ ನಾನೇ ಚುಚ್ಚಿದೆ. ಆಗಲೂ ಹೊಟ್ಟೆ ಉರಿಯುತ್ತಲೇ ಇತ್ತು, ಸುಳ್ಳೇಕೆ ಹೇಳಲಿ.

ಈಗ ನಾನಿರುವುದು ಹಾಲಾಡಿಯ ಗಂಡನ ಮನೆಯಲ್ಲಿ. ನಲ್ಲಿಯ ಬಳಿ ಒತ್ತಿದರೆ ಬರುವ ಗುಲಾಬಿ ಪರಿಮಳದ ಸೋಪಿದೆ. ಮಕ್ಕಳು ಶಾಲೆಯಿಂದ ಬಂದರೆ ಬೆರಳ ಸಂದಿ ಬಿಡಿಸಿ ನೋಡುತ್ತೇನೆ. ಪ್ರಮೀಳಾ ಕೋಡಿಯಲ್ಲೇ ಮದುವೆಯಾಗಿ ನನ್ನ ಅಮ್ಮನ ಪಕ್ಕದಲ್ಲಿ ಮೀನು ಮಾರುತ್ತಾಳೆ. ಹೋದ ಸಲ ಮಾರ್ಕೆಟ್ಟಿಗೆ ಹೋದಾಗ ಇಬ್ಬರೂ ಊಟಕ್ಕೆ ಏಳುತ್ತಿದ್ದರು. ಪ್ರಮೀಳಾ ಅಮ್ಮನ ಕೈಗೆ ನೀರು ಹೊಯ್ದಳು, ಅಮ್ಮ ಅವಳ ಕೈಗೆ. ಮೊಣಕೈವರೆಗೆ ನೊರೆ. ಆಮೇಲೆ ಒಂದೇ ಡಬ್ಬಿಯಿಂದ ಉಂಡರು.

"ನೀನ್ ಉಂಡ್ಕಂಡೇ ಬಂದಿಯಲ್ದಾ?" ಎಂದಳು ಅಮ್ಮ, ನೆಂಟರನ್ನು ಕೇಳಿದಂತೆ.

ಹೌದೆಂದೆ. ನನ್ನ ಕೈ ಮೂಸಿ ನೋಡಿಕೊಂಡೆ, ಗುಲಾಬಿ ಪರಿಮಳ. ಪ್ರಮೀಳಳ ಮೇಲೆ ಆರನೇ ಕ್ಲಾಸಿನಷ್ಟೇ ಹೊಟ್ಟೆಕಿಚ್ಚಾಯಿತು.