ಹಿಂಡಿ ಅಂದುಕೊಂಡ ಕರಿಪುಡಿ

ಈ ಶ್ರಾವಣದ ಮೊದಲ ಸೋಮವಾರ ಗುಡಗೇರಿಯ ನಮ್ಮ ಮನೆಯಲ್ಲಿ, ಅಣ್ಣನ ಮಗಳ ಸಂಶೋಧನೆಯ ಪುಡಿಗೆ ಅವಳ ತಾಯಿ, ನನ್ನ ವೈನಿಯೇ (ಅತ್ತಿಗೆಯೇ) ಉಪ್ಪು, ಖಾರ, ಬೆಳ್ಳುಳ್ಳಿ ಬೆರೆಸಿದರು.

ಪುಡಿ ಕಪ್ಪಗಿತ್ತು. ಊರಿಗೆ ಬರುವಾಗ ಜೊತೆಗೇ ತಂದಿದ್ದ ಬಾಟಲಿಯನ್ನು ತೇವ ತಾಗದಿರಲೆಂದು ಹುಡುಗಿ ಒಲೆಯ ಪಕ್ಕದ ಗೂಡಿನಲ್ಲಿ, ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಹಿಂಡಿಯ, ಅಂದರೆ ಚಟ್ನಿಪುಡಿಯ, ಬದಿಗೆ ಇಟ್ಟಿದ್ದಳು. ವೈನಿ ಮೂಸಿದರು, ವಾಸನೆಯಿಲ್ಲ. ಗುರೆಳ್ಳು ಕುಟ್ಟಿ ಖಾರ ಹಾಕಲು ಮರೆತೆನೆಂದುಕೊಂಡರು.

“ಅವ್ವಾ, ಯಾರರ ತಿಂದ್ರೇನ?” ಬಾಟಲಿ ಕಂಡ ಹುಡುಗಿ ಮೊದಲು ಕೇಳಿದ್ದು ಅದನ್ನೇ.

“ಇಲ್ಲವಾ, ಇನ್ನೂ ರೊಟ್ಟಿ ಬಡಿಯಾಕತ್ತೀನಿ. ಯಾಕ?”

“ಅದು ಹಿಂಡಿ ಅಲ್ಲಬೇ, ನನ್ನ ಲ್ಯಾಬಿನ ಪುಡಿ.”

“ಮತ್ತ ಹಿಂಡಿ ಬಾಜೂಕ ಯಾಕಿಟ್ಟಿ? ನಿಮ್ಮ ಕಾಲೇಜಿನ್ಯಾಗ ಕಪಾಟ ಇಲ್ಲೇನ?”

ಆ ಪುಡಿಯಲ್ಲಿದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳು, ಅವುಗಳ ಮೈಮೇಲೆ ಕೂರಿಸಿದ ಕಬ್ಬಿಣದ ಆಕ್ಸೈಡಿನ ಕಣಗಳು. ನೂಲಿಗೆ ಬಣ್ಣ ಹಾಕಿ ಉಳಿದ ನೀರಿಗೆ ಇದನ್ನೂ ಹೈಡ್ರೋಜನ್ ಪೆರಾಕ್ಸೈಡನ್ನೂ ಬೆರೆಸಿದರೆ ಬಣ್ಣ ಒಡೆಯುತ್ತದೆ. ಪುಡಿ ಮಾತ್ರ ಖರ್ಚಾಗುವುದಿಲ್ಲ. ಇಂಥದ್ದನ್ನು ವೇಗವರ್ಧಕ ಎನ್ನುತ್ತಾರೆ. ತಿಂಗಳುಗಟ್ಟಲೆ ಮಾಡಿ ಕೆಡಿಸಿದ ಮೇಲೆ ಸರಿಯಾಗಿ ಬಂದದ್ದು ಇದೊಂದೇ. ಮರುದಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಅವಳ ಪಾಳಿ. ತಪ್ಪಿದರೆ ಮುಂದಿನ ಪಾಳಿ ಯಾವಾಗಲೋ.

ವರದಿಗಾರನಾಗಿ ನಾನು ನೋಡಿದ ಅವಘಡಗಳಲ್ಲೆಲ್ಲ ದೊಡ್ಡವರು ಮೊದಲು ವಿಚಾರಿಸುವುದು ತಪ್ಪು ಯಾರದೆಂದು. ಹುಡುಗಿ ಆ ಮಾತೆತ್ತಲಿಲ್ಲ.

“ಕಾಕಾ, ಆ ಕೆಟ್ಟ ರೇಡಿಯೋದ ಸ್ಪೀಕರ್ ಐತೇನ್ರಿ? ಬ್ಯಾಟರಿಗೆ ಹಾಕೋ ನೀರೂ ಬೇಕ್ರಿ.”

ಲವಣವಿಲ್ಲದ ಆ ಬಟ್ಟಿ ಇಳಿಸಿದ ನೀರನ್ನು ಗ್ಯಾರೇಜಿನಿಂದ ತಂದೆ. ಬಾಟಲಿಗೆ ಅದನ್ನು ತುಂಬಿ ಅಲುಗಿಸಿದಳು, ಸ್ಪೀಕರಿನ ಅಯಸ್ಕಾಂತವನ್ನು ಗಾಜಿಗೆ ಹೊರಗಿನಿಂದ ಒತ್ತಿದಳು. ಕಬ್ಬಿಣವಿದ್ದ ಕಪ್ಪು ಪುಡಿಯೆಲ್ಲ ಆ ಗೋಡೆಗೆ ಸರಿದು ಅಂಟಿತು. ಕರಗಿದ ಉಪ್ಪು, ತೇಲಿದ ಖಾರ ನೀರಿನ ಜೊತೆ ಹೊರಬಿದ್ದವು. ಮತ್ತೆ ನೀರು, ಮತ್ತೆ ಅಯಸ್ಕಾಂತ. ನಾನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಫೋಟೋ ತೆಗೆಯುವುದೂ ಹೊಳೆಯಲಿಲ್ಲ.

“ಬಳ್ಳೊಳ್ಳಿ ವಾಸನಿ ಹೋಗೂದಿಲ್ಲ ನೋಡು,” ವೈನಿ ಅಂದರು.

“ಲ್ಯಾಬಿನ್ಯಾಗ ಸ್ಪಿರಿಟಿನಿಂದ ತೊಳೀತೀನಿ ಬಿಡಬೇ. ನೀ ರೊಟ್ಟಿ ಹೊತ್ತಸಬ್ಯಾಡ.”

ಮರುದಿನ ಬೆಳಗಿನ ರೈಲಿಗೆ ಹೋದಳು. ಪುಡಿಗೆ ಏನೇನು ಬಿದ್ದಿತ್ತೆಂದು ತನ್ನ ಮಾರ್ಗದರ್ಶಕರಿಗೆ ಮೊದಲೇ ಹೇಳಿದಳು. ಅವರು ನಕ್ಕರಂತೆ, ಪಾಳಿ ರದ್ದು ಮಾಡಲಿಲ್ಲ. ಚಿತ್ರದಲ್ಲಿ ಕಣಗಳು ಕೊಳವೆಗಳ ಮೇಲೆ ಕಳಚದೆ ಕುಳಿತಿದ್ದವು.

ಬಣ್ಣದ ನೀರಿನ ಪರೀಕ್ಷೆ ನಿನ್ನೆ ಮುಗಿದಿದೆ. ನೀರು ತಿಳಿಯಾಯಿತು, ಅವಳು ಎಣಿಸಿದ್ದಕ್ಕಿಂತ ತುಸು ತಡವಾಗಿ.