ಅವ್ವನ ಮಂಚದ ಪಕ್ಕದ ಸ್ವಿಚ್ಚು

ನಮ್ಮ ಮನೆಗೆ ಕರೆಂಟ್ ಕಾರು ಬಂದು ಎರಡು ವರ್ಷ ದಾಟಿದೆ. ಈಗಲೂ ಹೊಸಬರು ಯಾರಾದರೂ ಸಿಕ್ಕರೆ ಮೊದಲ ಪ್ರಶ್ನೆ ಒಂದೇ: "ಮಧ್ಯ ದಾರೀಲಿ ಚಾರ್ಜ್ ಮುಗುದ್ರೆ ಏನ್ ಮಾಡ್ತೀರಾ ಸಾರ್?" ಪೆಟ್ರೋಲು ಮುಗಿದರೆ ನೀವು ಏನು ಮಾಡುತ್ತೀರೋ ಅದನ್ನೇ ಮಾಡುತ್ತೇನೆ ಎನ್ನುತ್ತೇನೆ. ಅದು ಶುದ್ಧ ಸುಳ್ಳು. ಪೆಟ್ರೋಲು ಮುಗಿದರೆ ಬಾಟಲಿ ಹಿಡಿದು ಯಾರದೋ ಬೈಕಿನ ಹಿಂದೆ ಕೂತು ಬಂಕಿಗೆ ಹೋಗಬಹುದು, ಕರೆಂಟನ್ನು ಬಾಟಲಿಯಲ್ಲಿ ತರಲಾಗುವುದಿಲ್ಲ. ಆದರೆ ನಾನು ಮೇಷ್ಟ್ರು. ಉತ್ತರ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ಕಸುಬಿನವರಿಗೆ ಕಡಿಮೆ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ರಾಮನಗರದಲ್ಲಿ, ಸ್ಕೂಲು ಮಾಗಡಿ ಕಡೆ. ಮೊದಲು ಬೈಕಿನಲ್ಲಿ ಓಡಾಡುತ್ತಿದ್ದೆ. ಸೊಂಟ ಹಿಡಿದುಕೊಂಡ ಮೇಲೆ ಡಾಕ್ಟರರೂ ಹೆಂಡತಿಯೂ ಒಂದೇ ಮಾತು ಹೇಳಿದ್ದರಿಂದ ಈ ಪುಟ್ಟ ಕಾರು ಕೊಂಡದ್ದು. ನಾಲ್ಕು ಜನ ಆರಾಮಾಗಿ ಕೂರಬಹುದು. ಐದನೆಯವರು ಹತ್ತಿದರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಹಿಡಿಸುತ್ತದೆ, ಅದರ ಪಕ್ಕದಲ್ಲಿ ಚಾರ್ಜರಿನ ಚೀಲ. ಸದ್ದಿಲ್ಲದ ಗಾಡಿಯಾದ್ದರಿಂದ ನಮ್ಮ ಬೀದಿಯ ನಾಯಿಗಳು ಇದನ್ನು ಕಾರು ಎಂದೇ ಪರಿಗಣಿಸಿಲ್ಲ. ಹತ್ತಿರ ಹೋದರೂ ಏಳುವುದಿಲ್ಲ. ಇಳಿದು ಹೋಗಿ ಎಬ್ಬಿಸಿದ್ದೂ ಉಂಟು. ಅಡುಗೆಮನೆಯ ಯಂತ್ರದ ಹಾಗೆ ಪ್ಲಗ್ಗಿಗೆ ಸಿಕ್ಕಿಸುವುದನ್ನು ನೋಡಿ ಎದುರುಮನೆಯವರು ನನಗೆ ಮಿಕ್ಸಿ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ.

ಚಾರ್ಜ್ ಮಾಡುವ ಪ್ಲಗ್ಗು ಮನೆಯ ಮುಂದಿನ ಪೋರ್ಟಿಕೋದಲ್ಲಿದೆ. ಬೀದಿಯ ಹುಡುಗರು ಆಟಕ್ಕೆ ಒತ್ತಿಯಾರು ಎಂದು ಸ್ವಿಚ್ಚನ್ನು ಮಾತ್ರ ಒಳಗೆ ನಡುಮನೆಯ ಗೋಡೆಗೆ ಹಾಕಿಸಿದೆ. ಆ ಗೋಡೆಗೆ ಒತ್ತಿಕೊಂಡು ಅವ್ವನ ಮಂಚ. ಸ್ವಿಚ್ಚಿನಲ್ಲಿ ಒಂದು ಕೆಂಪು ದೀಪವಿದೆ. ಅದು ಉರಿಯುತ್ತಿದ್ದರೆ ಕಾರಿಗೆ ಕರೆಂಟು ಹೋಗುತ್ತಿದೆ ಎಂದು ಅರ್ಥ. ಮೊದಮೊದಲು ಅವ್ವ ಆ ಬೆಳಕಿಗೆ ನಿದ್ದೆ ಬರುವುದಿಲ್ಲ ಎಂದು ಗೊಣಗಿದಳು. ಆಮೇಲೆ ಒಗ್ಗಿಹೋಯಿತು. "ಪಾಪ, ಅದೂ ಉಂಡು ಮಲ್ಗಲಿ ಬುಡು," ಎನ್ನುತ್ತಿದ್ದಳು.

ಅವ್ವನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಡೈರಿಗೆ ಹಾಲು ಹಾಕಿದ ಕಾಲದಲ್ಲಿ ಕಲಿತದ್ದು. ಕಾರಿನಲ್ಲಿ ಮುಂದಿನ ಸೀಟು ಅವಳದೇ. ಕೂತವಳೇ ಪರದೆಯ ಮೇಲಿನ ಚಾರ್ಜಿನ ಅಂಕಿಯನ್ನು ಜೋರಾಗಿ ಓದಲು ಶುರು ಮಾಡುತ್ತಾಳೆ. "ಎಪ್ಪತ್ತೆಲ್ಡು... ಎಪ್ಪತ್ತೊಂದು... ಏನ್ಲಾ, ಆ ಒಂದು ಎಲ್ಲಿಗೋಯ್ತು?" ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವವನು ನಾನು. ಅಂಕಿ ಮೂವತ್ತರ ಕೆಳಗೆ ಇಳಿಯಬಾರದು ಎಂಬುದು ನನ್ನ ಕಾನೂನು. ಅದಕ್ಕಿಂತ ಇಳಿದರೆ ಕಾರಿಗಿಂತ ಮೊದಲು ನಾನೇ ಬಿಸಿಯಾಗುತ್ತೇನೆ ಎಂದು ಹೆಂಡತಿ ಹಿಂದಿನ ಸೀಟಿನಿಂದ ಹೇಳುತ್ತಾಳೆ.

ಈಗ ಅವ್ವನ ತವರಿನ ವಿಷಯ ಹೇಳಬೇಕು. ಸಾತನೂರಿನಿಂದ ಒಸಿ ಒಳಗೆ ಹೋದರೆ ಸಿಗುವ ಹಳ್ಳಿ ಅದು. ಅಲ್ಲಿ ಅವಳಿಗೆ ಇರುವವನು ಒಬ್ಬನೇ ತಮ್ಮ, ನನ್ನ ಸೋದರಮಾವ. ಒಂದಿಷ್ಟು ಹಿಪ್ಪುನೇರಳೆ, ಮೂರು ಹಸು. ನನ್ನ ಅಜ್ಜಿ ಸತ್ತ ವರ್ಷ, ತಿಥಿಯ ದಿನ, ಅಡುಗೆಮನೆಯಲ್ಲಿ ಅತ್ತೆ, ಅಂದರೆ ಮಾವನ ಹೆಂಡತಿ, ಯಾರಿಗೋ ಹೇಳಿದ್ದು ಗೋಡೆಯ ಈಚೆ ಊಟಕ್ಕೆ ಕೂತಿದ್ದ ಅವ್ವನ ಕಿವಿಗೆ ಬಿತ್ತು. "ಮನೆ ಹೆಣ್ಮಕ್ಳು ಬಂದವ್ರೆ, ಅಳಾಕೆ. ಒಂದು ಚೊಂಬು ನೀರ ಎತ್ಕೊಂಡು ಕುಡಿಯಾಕಿಲ್ಲ." ಅವ್ವ ಮುಂದಿದ್ದ ಲೋಟವನ್ನು ತಳ್ಳಿ, ಎಂಜಲು ಕೈಯಲ್ಲೇ ಎದ್ದು ನಿಂತು, "ಇನ್ಮ್ಯಾಕೆ ಈ ಮನೆ ನೀರು ನಂಗೆ ಬ್ಯಾಡ," ಎಂದಳು. ಅಲ್ಲಿಂದ ನೆಟ್ಟಗೆ ಬಸ್ ಸ್ಟಾಪಿಗೆ ನಡೆದಳು. ಸಾವಿನ ಮನೆಗೆ ಬಂದವರಿಗೆಲ್ಲ ಅತ್ತೆ ದಿನಗಟ್ಟಲೆ ನೀರು ಹೊತ್ತು ಸೋತಿದ್ದಳು. ಅವ್ವ ತಾಯಿಯನ್ನು ಕಳೆದುಕೊಂಡಿದ್ದಳು. ಯಾರದು ತಪ್ಪು ಎಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವರ್ಷಗಟ್ಟಲೆ ಆ ಶಪಥದಿಂದ ಯಾರಿಗೂ ಹೆಚ್ಚು ನಷ್ಟವಾಗಲಿಲ್ಲ. ಮಾವನೇ ಬಸ್ಸು ಹತ್ತಿ ಬರುತ್ತಿದ್ದ. ಅವರೆಕಾಯಿ ಕಾಲಕ್ಕೆ ಅವರೆಕಾಯಿ, ಇಲ್ಲದಿದ್ದರೆ ಒಂದು ಕುಂಬಳಕಾಯಿ. ಅಕ್ಕನ ಮಂಚದ ಕಾಲ ಬಳಿ ಕೂತು, ಉಂಡು, ಸಂಜೆಯ ಬಸ್ಸಿಗೆ ಹೊರಡುತ್ತಿದ್ದ. ಆದರೆ ಕಳೆದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತು ತೊದಲಿತು. ಬಸ್ಸಿನ ಮೆಟ್ಟಿಲು ಹತ್ತುವ ಕಾಲ ಮುಗಿಯಿತು. ಅವನು ಬರುವಂತಿಲ್ಲ, ಇವಳು ಹೋಗುವಂತಿಲ್ಲ. ಫೋನು ಕೊಟ್ಟರೆ ಅವನಿಗೆ ಮಾತು ಹೊರಡುತ್ತಿರಲಿಲ್ಲ. ಅವ್ವ ಸುಮ್ಮನೆ ಫೋನು ಕಿವಿಗೆ ಹಿಡಿದು ಅವನ ಉಸಿರು ಕೇಳಿಸಿಕೊಳ್ಳುತ್ತಿದ್ದಳು.

"ಹೋಗಿ ನೋಡ್ಕೊಂಡು ಬರೋಣ ನಡಿಯವ್ವ," ಎಂದು ಎಷ್ಟು ಸಲ ಕರೆದೆನೋ. "ಆಡಿದ್ಮೇಲೆ ಮಾತು ಮಾತೇ ಕಣ್ಲಾ," ಎನ್ನುತ್ತಿದ್ದಳು. ಒಂದು ದಿನ ನನಗೆ ರೇಗಿತು. "ಆ ಮಾತನ್ನ ಕಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ಅವನು ಹೋದ್ಮೇಲೆ ಹೋಗ್ತೀಯಾ?" ಎಂದು ಕೂಗಿದೆ. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಹೊದಿಕೆಯೊಳಗೆ ಅವಳು ಅಳುತ್ತಿದ್ದುದು ನನಗೆ ಗೊತ್ತಾಯಿತು. ನನಗೂ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ಇದಾದ ಸ್ವಲ್ಪ ದಿನಕ್ಕೆ ಕನಕಪುರದಲ್ಲಿ ಒಂದು ಮದುವೆ. ಹಿಂದಿನ ದಿನವೇ ಕಾರನ್ನು ಪ್ಲಗ್ಗಿಗೆ ಹಾಕಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ನೂರು ಇರಬೇಕಾದಲ್ಲಿ ನಲವತ್ತಾರು. ಸ್ವಿಚ್ಚು ಆಫಾಗಿತ್ತು. ರೇಷ್ಮೆ ಸೀರೆ ಉಡುತ್ತಿದ್ದ ಹೆಂಡತಿಯ ಮೇಲೆ ಹರಿಹಾಯ್ದೆ. "ನಿಮ್ಮ ಕಾರಿನ ಸ್ವಿಚ್ಚು ನಾನ್ಯಾಕೆ ಮುಟ್ಟಲಿ?" ಎಂದು ಅವಳೂ ಸೆರಗು ಕೊಡವಿದಳು. ಅವ್ವ ಬಾಗಿಲಲ್ಲಿ ನಿಂತು, "ಕರೆಂಟ್ ಓಗಿತ್ತೇನೋ ಕಣ್ಲಾ," ಎಂದಳು. ಮುಹೂರ್ತ ನಮಗಾಗಿ ಕಾಯುವುದಿಲ್ಲವಲ್ಲ, ಕನಕಪುರದಲ್ಲಿ ಚಾರ್ಜ್ ಹಾಕುವ ಜಾಗವಿದೆ, ನೋಡಿಕೊಂಡರಾಯಿತು ಎಂದು ಹೊರಟೆ.

ಎಸಿ ಹಾಕಿದರೆ ಕೀಲು ಹಿಡಿಯುತ್ತದೆ ಎನ್ನುತ್ತಿದ್ದ ಅವ್ವ ಆವತ್ತು, "ಯಾಕೋ ಸೆಕೆ. ಒಸಿ ಜೋರಾಗಿ ಬುಡು," ಎಂದಳು. ಹಿಂದೆ ಹೆಂಡತಿ ಸೆರಗು ಹೊದ್ದು ಕೂತಳು. ಕನಕಪುರ ತಲುಪಿದರೆ ಚಾರ್ಜ್ ಹಾಕುವ ಕಂಬಕ್ಕೆ ಗೋಣಿಚೀಲ ಕಟ್ಟಿದ್ದರು. ರಿಪೇರಿಯಂತೆ. ಮದುವೆ ಊಟವಾಯಿತು. ಇರುವ ಚಾರ್ಜಿನಲ್ಲಿ ನಿಧಾನವಾಗಿ ಊರು ಸೇರಿಬಿಡೋಣ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವ್ವ, "ಇಲ್ಲೀಗಂಟ ಬಂದಿವ್ನಿ, ಕಬ್ಬಾಳಮ್ಮನ್ ಮಖ ನೋಡ್ಕೊಂಡೋಗಾನ. ಅರಕೆ ಐತೆ," ಎಂದಳು. ಸಾತನೂರು ದಾಟಿ ಹೋಗಬೇಕು, ಚಾರ್ಜ್ ಸಾಲದು ಎಂದೆ. "ತಾಯಿ ಇಲ್ವಾ, ನಡುಸ್ತಾಳೆ," ಎಂದಳು. ದೇವರ ಹರಕೆಗೆ ಗಣಿತದಲ್ಲಿ ಉತ್ತರವಿಲ್ಲ.

ಕಬ್ಬಾಳಿನಿಂದ ವಾಪಸು ಹೊರಟಾಗ ಅಂಕಿ ಹದಿನೇಳು. ನಾನು ಎಸಿ ಆರಿಸಿ, ಕಿಟಕಿ ಇಳಿಸಿ, ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದೆ. "ಅದ್ನೇಳು," ಎಂದು ಓದಿದ ಅವ್ವ ಕಿಟಕಿಯ ಆಚೆ ನೋಡುತ್ತ, ಯಾವುದೋ ಹೊಸ ಊರಿಗೆ ಬಂದವಳಂತೆ ಕೇಳಿದಳು: "ಸಾತ್ನೂರ್ ತಾವ ನಮ್ಮೋರು ಯಾರಾದ್ರೂ ಅವ್ರೇನ್ಲಾ?"

ಹಿಂದೆ ಹೆಂಡತಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ಮಾವನ ಅಂಗಳದ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿದೆ. ದೊಡ್ಡ ಪ್ಲಗ್ಗು ಇದ್ದದ್ದು ಕೊಟ್ಟಿಗೆಯಲ್ಲಿ, ಹುಲ್ಲು ಕತ್ತರಿಸುವ ಮಿಷನ್ನಿಗೆ ಹಾಕಿಸಿದ್ದು. ಅತ್ತೆ ಒಂದು ಉದ್ದ ವೈರು ತಂದುಕೊಟ್ಟಳು. ಸಿಕ್ಕಿಸಿದರೆ ಚಾರ್ಜರಿನಲ್ಲಿ ಕೆಂಪು ದೀಪ ಮಿಟುಕಿತು. ಅರ್ತಿಂಗ್ ಸರಿಯಿಲ್ಲದಿದ್ದರೆ ಈ ಕಾರು ಕರೆಂಟು ಮುಟ್ಟುವುದಿಲ್ಲ. ನಾನು ಮ್ಯಾನುವಲ್ ತೆಗೆದೆ. ಅತ್ತೆ, "ಗುಂಡಿ ಒಣಗಿರ್ತದೆ ಕಣಪ್ಪ," ಎಂದು ಒಂದು ಕೊಡ ನೀರು ತಂದು ಕೊಟ್ಟಿಗೆಯ ಹಿಂದಿನ ಅರ್ತಿಂಗ್ ಗುಂಡಿಗೆ ಸುರಿದಳು. ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲರೂ ಮಾಡುವುದೇ. ಸ್ವಲ್ಪ ಹೊತ್ತಿಗೆ ಹಸಿರು ದೀಪ ಬಂತು.

ಅವ್ವ ಕಾರಿನಿಂದ ಇಳಿದಿರಲಿಲ್ಲ. ಬಾಗಿಲು ತೆರೆದುಕೊಂಡು ಕೂತಿದ್ದಳು. ಅತ್ತೆ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಅವಳ ಮುಂದೆ ಬಂದು ನಿಂತಳು. "ನಿಮ್ ಕಾರಂತೂ ನಮ್ಮನೆ ನೀರು ಕುಡೀತು ಬುಡಿ ಅತ್ಗೆ," ಎಂದಳು.

"ಅದೇನೂ ಮಾತು ಕೊಟ್ಟಿರ್ಲಿಲ್ವಲ್ಲ," ಎಂದಳು ಅವ್ವ.

ಅತ್ತೆ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮಾವನನ್ನು ಹಿಡಿದು ನಡೆಸಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಅವನು ಬದುಕಿನಲ್ಲಿ ಎತ್ತಿನ ಗಾಡಿ ಬಿಟ್ಟು ಬೇರೇನೂ ಓಡಿಸಿದವನಲ್ಲ. ಎಡಗೈಯನ್ನು ಸ್ಟಿಯರಿಂಗ್ ಮೇಲಿಟ್ಟು ಅಕ್ಕನನ್ನು ನೋಡಿ ಬಾಯಿ ಸೊಟ್ಟ ಮಾಡಿ ನಕ್ಕ. ಸ್ವಲ್ಪ ಹೊತ್ತಿಗೆ ಅತ್ತೆಯೂ ಬಂದು ಹಿಂದಿನ ಸೀಟಿನಲ್ಲಿ ಕೂತಳು. "ಬಾಯಾರ್ತದೆ ಅತ್ಗೆ, ನಿಮ್ ನೀರೇ ಒಸಿ ಕೊಡಿ," ಎಂದಳು. ಅವ್ವ ಮನೆಯಿಂದ ತಂದಿದ್ದ ಬಾಟಲಿಯನ್ನು ಹಿಂದಕ್ಕೆ ಚಾಚಿದಳು. ಎಲ್ಲಿಗೂ ಹೋಗದ ಕಾರಿನಲ್ಲಿ ಮೂವರೂ ಹೊತ್ತು ಇಳಿಯುವವರೆಗೆ ಕೂತಿದ್ದರು. ಆದರೆ ಅವ್ವ ಮನೆಯ ಹೊಸಿಲು ತುಳಿಯಲಿಲ್ಲ, ಆ ಮನೆಯ ತೊಟ್ಟು ನೀರೂ ಮುಟ್ಟಲಿಲ್ಲ.

ಅಲ್ಲಿಂದಾಚೆಗೆ ನಮ್ಮ ಸ್ವಿಚ್ಚು ಆಗಾಗ ತಾನಾಗಿ ಆಫಾಗತೊಡಗಿತು. ಅದೂ ಶನಿವಾರ ರಾತ್ರಿಯೇ. ಭಾನುವಾರ ಬೆಳಿಗ್ಗೆ ಅವ್ವನಿಗೆ ಕನಕಪುರದ ಕಡೆ ಏನಾದರೂ ಕೆಲಸ ಬಿದ್ದಿರುತ್ತಿತ್ತು. ಅಲ್ಲಿಗೆ ಹೋದರೆ ವಾಪಸು ಬರಲು ಚಾರ್ಜ್ ಸಾಲದೆ ಮತ್ತೆ ಮಾವನ ಕೊಟ್ಟಿಗೆಯ ಪ್ಲಗ್ಗೇ ಗತಿಯಾಗುತ್ತಿತ್ತು. ನಾನು ಎಲೆಕ್ಟ್ರಿಷಿಯನ್ನನ್ನು ಕರೆಸಿದೆ, ಸ್ವಿಚ್ಚು ಬದಲಾಯಿಸಿದೆ, ವೈರು ಎಳೆಸಿದೆ. ಕೊನೆಗೆ ಹೆಂಡತಿ ತಲೆ ಚಚ್ಚಿಕೊಂಡು, "ಗಣಿತದ ಮೇಷ್ಟ್ರೇ, ಆ ಸ್ವಿಚ್ಚು ಯಾರ ಮಂಚದ ಪಕ್ಕದಲ್ಲಿದೆ ಅಂತ ಒಂದು ಸಲ ನೋಡಿ," ಎಂದಳು. ಅರ್ಧ ದಿನ ನನಗೆ ಕೋಪವಿತ್ತು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಗೊತ್ತಾದದ್ದು ನನಗೇ ಎಂಬ ಅವಮಾನ ಬೇರೆ. ಆಮೇಲೆ ಸುಮ್ಮನಾದೆ. ಬೆಳಿಗ್ಗೆ ದೀಪ ಆರಿದ್ದರೆ ಇವತ್ತು ಸಾತನೂರು ಎಂದು ತಿಳಿದು, ಯಾರನ್ನೂ ಏನೂ ಕೇಳದೆ ಅಂಗಿ ಹಾಕಿಕೊಳ್ಳುತ್ತಿದ್ದೆ.

ಮೊನ್ನೆ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಸಂಜೆ ಅತ್ತೆಯ ಫೋನು ಬಂತು. ಮಾವ ಬಚ್ಚಲಲ್ಲಿ ಬಿದ್ದಿದ್ದನಂತೆ. ಮೂಳೆ ಮುರಿದಿಲ್ಲ, ಆದರೆ ಆಮೇಲಿನಿಂದ ಊಟ ಬಿಟ್ಟಿದ್ದಾನೆ. ನೀರು ಕೊಟ್ಟರೂ ಬಾಯಿ ಬಿಡುತ್ತಿಲ್ಲ. ಡಾಕ್ಟರು ಬಂದು ಗ್ಲೂಕೋಸ್ ಬಾಟಲಿ ಹಾಕಿ ಹೋಗಿದ್ದಾರೆ, ಈಗ ಮಲಗಿದ್ದಾನೆ, ಬೆಳಿಗ್ಗೆ ಬನ್ನಿ ಎಂದಳು. ನಾನು ಕಾರಿಗೆ ಪ್ಲಗ್ಗು ಹಾಕಲು ಹೊರಗೆ ಹೋದರೆ ಆಗಲೇ ಯಾರೋ ಸಿಕ್ಕಿಸಿದ್ದರು. ಒಳಗೆ ಬಂದೆ. ಅವ್ವ ಮಂಚದ ಮೇಲೆ ಕೂತು ಕೆಂಪು ದೀಪವನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಚಾರ್ಜು ತುಂಬಿತ್ತು. ಅವ್ವ ಎಸಿ ಕೇಳಲಿಲ್ಲ, ದಾರಿಯುದ್ದಕ್ಕೂ ಒಂದು ಅಂಕಿಯನ್ನೂ ಓದಲಿಲ್ಲ. ಎಂದಿನ ನೀರಿನ ಬಾಟಲಿಯನ್ನೂ ತಂದಿರಲಿಲ್ಲ.

ಕಾರು ಅಂಗಳಕ್ಕೆ ಬಂದದ್ದು ಕಂಡು ಅತ್ತೆ ಅಭ್ಯಾಸದಂತೆ ಕೊಟ್ಟಿಗೆಯಿಂದ ವೈರು ಹೆಗಲಿಗೆ ಹಾಕಿಕೊಂಡು ಬಂದಳು. "ಬ್ಯಾಡ ಕಣವ್ವ, ತುಂಬೈತೆ," ಎಂದ ಅವ್ವ ಚಪ್ಪಲಿ ಕಳಚಿ ನೆಟ್ಟಗೆ ಹೊಸಿಲು ದಾಟಿದಳು. ಮಾವ ಗೋಡೆಗೆ ಒರಗಿ ಕೂತಿದ್ದ. ತುಟಿ ಒಣಗಿ ಬಿರಿದಿತ್ತು. ಅವ್ವ ಅವನ ಹಣೆ ಮುಟ್ಟಿ ನೋಡಿ, ಅಡುಗೆಮನೆಗೆ ಹೋಗಿ ತಾನೇ ಒಂದು ಚೊಂಬು ನೀರು ಮೊಗೆದುಕೊಂಡು ಬಂದಳು. "ಕುಡೀಲಾ," ಎಂದು ಬಾಯಿಗೆ ಹಿಡಿದಳು.

ಮಾವ ಚೊಂಬನ್ನು ನೋಡಿದ, ಅಕ್ಕನನ್ನು ನೋಡಿದ. ತುಟಿ ಬಿಗಿಹಿಡಿದು ಎಡಗೈಯಿಂದ ಚೊಂಬನ್ನು ಅವಳ ಕಡೆಗೇ ತಳ್ಳಿದ. "ನೀ... ನೀನು," ಎಂದ.

ಅವ್ವ ಚೊಂಬನ್ನೆತ್ತಿ ಗಟಗಟನೆ ಅರ್ಧ ಕುಡಿದಳು. ಮೂತಿ ಒರೆಸಿಕೊಂಡು ಉಳಿದದ್ದನ್ನು ತಮ್ಮನ ಬಾಯಿಗೆ ಹಿಡಿದಳು. ಅವನು ಅರ್ಧ ಎದೆಯ ಮೇಲೆ ಚೆಲ್ಲಿಕೊಂಡು ಅರ್ಧ ಕುಡಿದ. ಬಾಗಿಲಲ್ಲಿ ವೈರು ಹೊತ್ತು ನಿಂತಿದ್ದ ಅತ್ತೆ ಇನ್ನೊಂದು ಚೊಂಬು ತರಲು ಒಳಗೆ ಹೊರಟಳು.

"ನೀನು ಕೂತ್ಕೋ," ಎಂದಳು ಅವ್ವ, ಖಾಲಿ ಚೊಂಬು ಹಿಡಿದು ಎದ್ದು. "ನಾನು ತತ್ತೀನಿ."